ಜ್ವರದ ಮಳೆಗಾಲದಲ್ಲಿ ಅಮ್ಮನ ಹೋಟೆಲು

ನಮ್ಮ ಹೋಟೆಲಿನಲ್ಲಿ ಇದ್ದದ್ದು ನಾಲ್ಕೇ ಬೆಂಚು. ಬಲ್ಮಠದಲ್ಲಿ ಕಾಲೇಜಿನ ಹುಡುಗರು ಓಡಾಡುವ ದಾರಿಯಲ್ಲೇ ಇದ್ದುದರಿಂದ ಬೆಳಗಿನ ಹೊತ್ತು ಅವು ಖಾಲಿ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬರೇ ಅದನ್ನು ನಡೆಸಿಕೊಂಡು ಬಂದಿದ್ದರು. ನಾನು ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸ ಸಿಗುವವರೆಗೆ ಅಮ್ಮನ ಜೊತೆ ಬನ್ಸ್ ಲಟ್ಟಿಸುತ್ತಿದ್ದೆ.

ಐವತ್ತೇಳರ ಮಳೆಗಾಲದಲ್ಲಿ ಫ್ಲೂ ಜ್ವರ ನಮ್ಮ ಊರಿಗೂ ಬಂತು. ವಾರದೊಳಗೆ ನಮ್ಮ ಬೀದಿಯ ಮನೆಮನೆಯಲ್ಲೂ ಕೆಮ್ಮು. ಕಾಲೇಜಿಗೆ ರಜೆ ಕೊಟ್ಟರು. ಒಂದು ಬೆಳಿಗ್ಗೆ ಮುನ್ಸಿಪಾಲಿಟಿಯ ಹೆಲ್ತ್ ಇನ್‌ಸ್ಪೆಕ್ಟರು ನೆನೆದ ಕೊಡೆ ಮಡಚುತ್ತ ಒಳಗೆ ಬಂದರು. ಕ್ರೈಸ್ತ ಹೆಂಗಸರನ್ನು ಊರವರು ಕರೆಯುವಂತೆ ಅವರೂ ಅಮ್ಮನನ್ನು ಬಾಯಮ್ಮ ಎನ್ನುತ್ತಿದ್ದರು.

"ಬಾಯಮ್ಮ, ಇನ್ನು ಯಾರನ್ನೂ ಕೂರಿಸಿ ತಿಂಡಿ ಕೊಡುವ ಹಾಗಿಲ್ಲ. ಜ್ವರ ಇಳಿಯುವವರೆಗೆ ಬೆಂಚು ಎತ್ತಿಡಿ."

"ಬೆಂಚು ಎತ್ತಿಟ್ಟರೆ ನಾವು ತಿನ್ನುವುದು ಎಂತ?" ಎಂದು ನಾನು ಕೇಳಿದೆ.

ಅಮ್ಮ ನನ್ನನ್ನು ಸುಮ್ಮನಿರಿಸಿದರು. "ಅವರು ಹೇಳುವುದು ಸರಿ ಉಂಟು. ಇಲ್ಲಿ ಒಬ್ಬ ಕೆಮ್ಮಿದರೆ ಹತ್ತು ಜನ ಮಲಗ್ತಾರೆ."

ಬೆಂಚುಗಳನ್ನು ನಾವಿಬ್ಬರೇ ಗೋಡೆಗೆ ಒರಗಿಸಿದೆವು. ಆ ಖಾಲಿ ನೆಲ ನೋಡಿ ನನಗೆ ಅಳು ಬಂತು. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು ಎದುರು ಸಾಲಿನ ಮನೆಗಳನ್ನು ನೋಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆಯಿಂದ ಹೊಗೆಯೇ ಎದ್ದಿರಲಿಲ್ಲ.

"ಅಡುಗೆ ಮಾಡುವವರೇ ಮಲಗಿದ್ದಾರೆ. ಅವರಿಗೆ ಗಂಜಿ ಬೇಕಲ್ಲ?" ಎಂದರು.

ಪಕ್ಕದಲ್ಲಿ ಪಾತ್ರೆ ಅಂಗಡಿಯ ಬ್ಯಾರಿ ಸಾಹೇಬರು ಗಿರಾಕಿಗಳಿಲ್ಲದೆ ಕೂತಿದ್ದರು. ಅಮ್ಮನ ಯೋಚನೆ ಕೇಳಿದ್ದೇ ಮುಚ್ಚಳವೂ ನೇತುಹಾಕುವ ಹಿಡಿಯೂ ಇದ್ದ ಎರಡು ದೊಡ್ಡ ತೂಕುಪಾತ್ರೆ ಇಳಿಸಿಕೊಟ್ಟರು. ತಮ್ಮ ಸೈಕಲನ್ನೂ ನನ್ನ ಮುಂದೆ ತಂದು ನಿಲ್ಲಿಸಿದರು.

"ನನಗೆ ಬಿಡ್ಲಿಕ್ಕೆ ಬರುವುದಿಲ್ಲ ಸಾಹೇಬ್ರೇ."

"ಬಿಡುವುದು ಬೇಡ ಮಗಳೇ, ಪಾತ್ರೆ ನೇತುಹಾಕಿ ತಳ್ಳಿಕೊಂಡು ಹೋಗು. ನಿನಗೆ ಬಿಡ್ಲಿಕ್ಕೆ ಬರುವುದಿಲ್ಲಾಂತ ಸೈಕಲಿಗೆ ಎಂತ ಗೊತ್ತುಂಟು!"

ಹಾಗೆ ಶುರುವಾಯಿತು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಯಾರ ಮನೆಯೊಳಗೂ ಹೋಗಬಾರದೆಂಬುದು ಅಮ್ಮನ ಕಟ್ಟಪ್ಪಣೆ. ಮನೆಯವರು ತಮ್ಮ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯಬೇಕು, ನಾನು ಮೇಲಿನಿಂದ ಗಂಜಿ ಸುರಿದು ಮುಂದೆ ಹೋಗಬೇಕು. ದುಡ್ಡು ಜ್ವರ ಇಳಿದ ಮೇಲೆ ಕೊಟ್ಟರೆ ಸಾಕೆಂದು ಅಮ್ಮ ಲೆಕ್ಕ ಬರೆದಿಡುತ್ತಿದ್ದರು.

ಮೂರನೆಯ ದಿನ ಇನ್‌ಸ್ಪೆಕ್ಟರು ಸಿಟ್ಟಿನಿಂದ ಬಂದರು. "ಎಂತ ಬಾಯಮ್ಮ, ಮನೆಮನೆಗೆ ಜ್ವರ ಹಂಚುವುದಾ?"

ಅಮ್ಮ ಅವರನ್ನು ಒಳಗೆ ಕರೆದೊಯ್ದರು. ಹಂಡೆಯಲ್ಲಿ ಕುದಿಯುವ ನೀರು, ಅದರಲ್ಲಿ ಸೌಟು, ತೂಕುಪಾತ್ರೆ, ಮುಚ್ಚಳ. ನಾನು ಗಂಜಿ ಸುರಿಯುವ ಕ್ರಮವನ್ನೂ ಹೇಳಿದೆ. ಅವರು ಒಂದೊಂದನ್ನೂ ಬಗ್ಗಿ ನೋಡಿದರು. ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಬೇಡ ಎನ್ನಲಿಲ್ಲವಾದ್ದರಿಂದ ಅಂದೂ ನಾನು ಸೈಕಲ್ ತಳ್ಳಿಕೊಂಡು ಹೊರಟೆ.

ಮರುದಿನ ಬೆಳಿಗ್ಗೆ ಅವರೇ ಬಂದರು. ದನಿ ಬೇರೆಯಾಗಿತ್ತು. "ಕಾಲೇಜು ಹಾಸ್ಟೆಲಿನಲ್ಲಿ ಊರಿಗೆ ಹೋಗಲಾಗದ ನಲವತ್ತು ಹುಡುಗರು ಮಲಗಿದ್ದಾರೆ. ಅಡುಗೆಯವನಿಗೂ ಜ್ವರ. ನಿಮ್ಮಿಂದ ಆಗ್ತದಾ?"

"ಎಷ್ಟು ಗಂಟೆಗೆ ಬೇಕು?" ಅಮ್ಮ ಕೇಳಿದ್ದು ಅಷ್ಟೇ.

ಅಂದು ಸಾಹೇಬರು ಅಂಗಡಿ ಮುಚ್ಚಿ, ಮುಂಡು ಎತ್ತಿಕಟ್ಟಿ ಸೌದೆ ಒಡೆದರು. ಎರಡು ಹೊತ್ತೂ ಗಂಜಿ ಹಾಸ್ಟೆಲಿನ ಬಾಗಿಲು ಮುಟ್ಟಿತು. ವಾರ ಕಳೆಯುವುದರೊಳಗೆ ಇನ್‌ಸ್ಪೆಕ್ಟರು ಬೇರೆ ಹೋಟೆಲಿನವರನ್ನೂ ಕರೆತಂದು ನಮ್ಮ ಹಂಡೆ ತೋರಿಸಿ, "ಹೀಗೆ ಮಾಡುವುದಾದರೆ ನೀವೂ ಒಲೆ ಹಚ್ಚಿ" ಎಂದರು. ನಮ್ಮ ಬೀದಿಯ ಒಂದು ಹೋಟೆಲೂ ಕಾಯಮ್ಮಾಗಿ ಮುಚ್ಚಲಿಲ್ಲ.

ಜ್ವರ ಇಳಿದು ಬೆಂಚು ಹಾಕಿದ ದಿನ ಹಾಸ್ಟೆಲಿನ ಹುಡುಗರು ಗುಂಪಾಗಿ ಬಂದರು. ಸೊರಗಿದ ಮುಖಗಳು, ಆದರೆ ಗಲಾಟೆ ಹೇಳತೀರದು. ಕೂರಲು ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತರು. ಹನ್ನೊಂದಕ್ಕೇ ಬನ್ಸ್ ಮುಗಿದು ಅಮ್ಮ ಗೋಳಿಬಜೆಗೆ ಎಣ್ಣೆ ಇಟ್ಟರು. ಇಗರ್ಜಿಯ ಪ್ರಾರ್ಥನೆಯಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿ ಬಿಟ್ಟು ಹಾಡದ ಅಮ್ಮ ಅಂದು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಕೊಂಕಣಿ ಹಾಡು ಹೇಳಿದರು. ಹುಡುಗರು ಬೆಂಚು ತಟ್ಟಿ ತಾಳ ಹಾಕಿದರು.