ಅಳತೆಗೆ ಬಿಟ್ಟ ಮಣ್ಣು

ಬೆಳಿಗ್ಗೆ ಹಾಲು ಕಾಯಿಸಿದೆ. ನೀರು ಬಿಡುವ ದಿನವಾದ್ದರಿಂದ ಮೋಟರು ಹಾಕಿ, ಟ್ಯಾಂಕು ತುಂಬುವ ತನಕ ಅಲ್ಲೇ ಕೂತು ಪುಂಡಿಸೊಪ್ಪು ಬಿಡಿಸಿದೆ. ದಿಂಬಿನ ಗವಸು ಒಗೆದು ಹಾಕಿದೆ. ಜೋಳಕ್ಕೆ ಹುಳ ಹಿಡಿದಿತ್ತು, ಮೊರದಲ್ಲಿ ಕೇರಿ ಬಿಸಿಲಿಗಿಟ್ಟೆ. ಗ್ಯಾಸಿನವನಿಗೆ ಫೋನು ಮಾಡಿದೆ. ಮಧ್ಯಾಹ್ನದ ಮೇಲೆ ಆ ಜೋಳವನ್ನೇ ಡಬ್ಬಿಗೆ ತುಂಬಿಕೊಂಡು ಗಿರಣಿಗೆ ಹೊರಟವಳು ಗೇಟು ದಾಟಿ ನಿಂತುಬಿಟ್ಟೆ.

ತೆಲಂಗಾಣದ ಈ ದೊಡ್ಡ ಶಹರದೊಳಗೆ, ನಾಚಾರಂನ ನಮ್ಮ ಗಲ್ಲಿಯಲ್ಲಿ ಚರಂಡಿ ಪೈಪಿಗೆಂದು ರಸ್ತೆ ಅಗೆದಿದ್ದಾರೆ. ಆಳದ ಗುಂಡಿ. ನಡುವೆ ಮಾತ್ರ ಸ್ವಲ್ಪ ಮಣ್ಣನ್ನು ಅಗೆಯದೆ ಕಂಬದ ಹಾಗೆ ಬಿಟ್ಟಿದ್ದಾರೆ. ಅದರ ನೆತ್ತಿಯ ಮೇಲೆ ಹಳೆಯ ರಸ್ತೆಯ ಡಾಂಬರು ಇನ್ನೂ ಅಂಟಿಕೊಂಡಿದೆ. ಕೆಲಸ ಅರ್ಧಕ್ಕೆ ಬಿಟ್ಟು ಹೋದ ಹಾಗೆ ಕಾಣುತ್ತದೆ, ಆದರೆ ಹಾಗಲ್ಲ. ನೆಲ ಮೊದಲು ಎಲ್ಲಿತ್ತು, ಎಷ್ಟು ಅಗೆದರು ಎಂದು ಅಳತೆಗೆ ಬರುವವನಿಗೆ ತೋರಿಸಲು ಬಿಟ್ಟ ದಿಬ್ಬ ಅದು. ಇಂಥ ದಿಬ್ಬದ ವಿಷಯ ನಾನು ಮೊದಲು ಕೇಳಿದ್ದು ಶೆಡ್ಡಿನ ತಂಗಿಯ ಬಾಯಿಂದ.

ಪಕ್ಕದಲ್ಲಿ ಈಗ ಅಪಾರ್ಟ್‌ಮೆಂಟು ಇದೆಯಲ್ಲ, ಅದು ಏಳುತ್ತಿದ್ದಾಗ ಅದರ ಮೂಲೆಯ ತಗಡಿನ ಶೆಡ್ಡಿನಲ್ಲಿ ಗಂಡನೊಂದಿಗೆ ಇದ್ದವಳು. ಅವಳ ಊರು ಕೃಷ್ಣಾ ನದಿಯ ಈಚೆಗೆ, ಸರ್ಕಾರದ ಲೆಕ್ಕಕ್ಕೆ ತೆಲಂಗಾಣ, ಮನೆಯೊಳಗೆ ಕನ್ನಡ. ಹತ್ತಿ ಬಿಡಿಸಿ, ತೊಗರಿ ಬಡಿದು ಮುಗಿದರೆ ಆ ಕಡೆಯ ಹೊಲಗಳಲ್ಲಿ ಜೂನಿನ ಮಿರಗದ ಮಳೆಯ ತನಕ ಮಾಡಲು ಏನೂ ಇರುವುದಿಲ್ಲ. ಹಾಗಾಗಿ ಪ್ರತಿ ಬೇಸಿಗೆ ಇಲ್ಲಿಗೆ ಬಂದು ಇಟ್ಟಿಗೆ ಹೊರುತ್ತಿದ್ದಳು. ಕುಡಿಯುವ ನೀರಿಗೆ ನಮ್ಮ ಮನೆಯ ನಲ್ಲಿ. ಮೊದಲ ದಿನ ನನ್ನೊಡನೆ ತೆಲುಗಿನಲ್ಲೇ ಮಾತಾಡಿದಳು. ಅಷ್ಟರಲ್ಲಿ ನಾನು ಒಳಗೆ ಕತ್ತು ಚಾಚಿ ನಮ್ಮವರಿಗೆ “ಚಾ ಆರಾಕತ್ತೈತ್ರಿ” ಎಂದದ್ದು ಕೇಳಿ ಕೊಡ ಕೆಳಗಿಟ್ಟು ನಕ್ಕಳು.

“ಅಯ್ಯ, ನಮ್ಮ ಕಡೇಯವ್ರೇ ಅದೀರಿ. ಇಷ್ಟೊತ್ತು ನನ್ನ ತೆಲುಗೆಲ್ಲಾ ಸುಮ್ನ ಖರ್ಚು ಮಾಡಿಸಿದ್ರಲ್ರಿ ಅಕ್ಕಾ.”

ಅಂದಿನಿಂದ ನಾನು ಅಕ್ಕ, ಅವಳು ತಂಗಿ. ಬಾಯಿ ಜೋರು. ನಾನು ಮೋಟರಿನ ಗುಂಡಿ ಒತ್ತುವುದನ್ನು ನೋಡಿ, “ನಿಮಗ ಗುಂಡಿ ಒತ್ತಿದ್ರ ನೀರು ಬರ್ತಾವ. ನಮ್ಮೂರಾಗ ಸಾಹೇಬ್ರನ್ನ ಒತ್ತಬೇಕ್ರಿ, ಆದ್ರೂ ಬರಂಗಿಲ್ಲ” ಎನ್ನುತ್ತಿದ್ದಳು. ಎರಡು ಸಲ ಬಸುರಾಗಿದ್ದಳು. ಒಂದು ಕೂಕಟ್‌ಪಲ್ಲಿಯ ಕಟ್ಟಡದಲ್ಲಿ, ಇನ್ನೊಂದು ಉಪ್ಪಲ್‌ನದರಲ್ಲಿ, ತಲೆಯ ಮೇಲೆ ಭಾರ ಹೊತ್ತು ಮೆಟ್ಟಿಲು ಹತ್ತುತ್ತಲೇ ಕಳೆದುಕೊಂಡಿದ್ದಳು. ಆ ಕಟ್ಟಡಗಳ ಮುಂದೆ ಬಸ್ಸು ಹಾದರೆ ಈಚೆ ಮುಖ ತಿರುಗಿಸಿ ಕೂಡುತ್ತಿದ್ದಳಂತೆ…

ಒಂದು ವರ್ಷ ಶಿವರಾತ್ರಿಯ ಹೊತ್ತಿಗೆ ಬಂದವಳು ವಾರದಲ್ಲೇ ಗಂಟು ಕಟ್ಟಿದಳು. ಆಗ ಅವಳಿಗೆ ಎರಡು ತಿಂಗಳು.

“ಈ ಸಲ ಊರಾಗೇ ಹಡೀತೀನ್ರಿ ಅಕ್ಕಾ. ಕೆರಿ ಹೂಳು ತಗಿಯೋ ನೂರು ದಿನದ ಕೆಲ್ಸಾ ಹಚ್ಚ್ಯಾರಂತ. ಬಸರಿ ಹೆಂಗಸ್ರು ಮಂದಿಗೆ ನೀರು ಕುಡಿಸಿದ್ರ ಸಾಕಂತ್ರಿ, ಹೊರೋದಿಲ್ಲ, ಹತ್ತೋದಿಲ್ಲ. ಕೂಸಿನ್ನ ಎತ್ತಿಕೊಂಡು ಬರ್ತೀನಿ, ಒಂದು ಸೀರಿ ತಗದಿಡ್ರಿ. ಹಳೇದು ಕೊಟ್ಟು ಕೈ ತೊಳಕೋಬ್ಯಾಡ್ರಿ ಮತ್ತ.”

ನನಗೆ ಭಾಳ ಸಮಾಧಾನವಾಗಿತ್ತು. ಹೊಲ ಬರಿದಾದ ತಿಂಗಳುಗಳಲ್ಲಿ ಊರಲ್ಲೇ ಕೂಲಿ, ಊರಿಗೆ ಕೆರೆ. ಸರ್ಕಾರ ಆ ದುಡ್ಡು ತೆಗೆದಿಡುವುದೇ ಇಂಥವಳು ಗಂಟು ಕಟ್ಟಿಕೊಂಡು ಈ ಊರಿಗೆ ಬಾರದಿರಲಿ ಎಂದು. ಹಸಿರು ಅಂಚಿನ ಸೀರೆಯೊಂದನ್ನು ತಂದು ಇಟ್ಟೆ.

ಬಂದಳು. ಕೂಸಿನೊಂದಿಗಲ್ಲ, ತುಂಬಿದ ಹೊಟ್ಟೆಯೊಂದಿಗೆ. ಮಳೆಗಾಲ ಆಗಷ್ಟೇ ಹಿಡಿದಿತ್ತು. ನಲ್ಲಿಯ ಕಟ್ಟೆಯ ಮೇಲೆ ಕೂತು, ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದು ಹೇಳಿದಳು.

ಊರ ಹೆಣ್ಣುಮಕ್ಕಳೆಲ್ಲ ಬೇಸಿಗೆಯುದ್ದಕ್ಕೂ ಕೆರೆಯಂಗಳ ಅಗೆದಿದ್ದರು. ಪ್ರತಿ ಗುಂಡಿಯ ನಡುವೆ ಒಂದು ದಿಬ್ಬ, ಅದರ ತಲೆಯ ಮೇಲೆ ಹಳೆಯ ನೆಲದ ಹುಲ್ಲು. ಅದನ್ನು ಯಾರೂ ಕಾಲಲ್ಲಿ ತುಳಿಯಬಾರದು. ಅಗೆಯಲು ತೊಡಗಿದ ದಿನವೇ ಅದಕ್ಕೆ ಕುಂಕುಮ ಹಚ್ಚಿದ್ದರಂತೆ. ಎಲ್ಲರ ಕೂಲಿ, ನೀರು ಕುಡಿಸುವ ಇವಳದ್ದೂ, ಬೀಳುವುದು ಆ ದಿಬ್ಬದ ಎತ್ತರದ ಮೇಲೆ. ಅಳೆಯಬೇಕಾದ ಸಾಹೇಬ ಮಾತ್ರ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತ ಬೇಸಿಗೆಯನ್ನೇ ಕಳೆದ. ಮೋಡ ಕಂಡದ್ದೇ ಹೆಂಗಸರು ಗೊಬ್ಬರದ ಚೀಲ ತಂದು ದಿಬ್ಬಗಳಿಗೆ ಹೊದಿಸಿದರು. ಇವಳು ತನ್ನ ಗುಡಿಸಲ ಮೇಲಿನ ಪ್ಲಾಸ್ಟಿಕ್ಕನ್ನೇ ಎಳೆದು ತಂದು ಹೊದಿಸಿದಳು. ಮನೆ ಸೋರಿದರೂ ಸೋರಲಿ, ದಿಬ್ಬ ಕರಗಬಾರದು!

ಮಿರಗದ ಮೊದಲ ಮಳೆಗೇ ಕೆರೆಗೆ ನೀರು ಬಂತು. ಬೆಳಗಾಗುವಷ್ಟರಲ್ಲಿ ಗುಂಡಿಯೂ ಇಲ್ಲ, ದಿಬ್ಬವೂ ಇಲ್ಲ. ಗೊಬ್ಬರದ ಚೀಲಗಳು ನೀರಿನ ಮೇಲೆ ತೇಲುತ್ತಿದ್ದವು. ಸಾಹೇಬ ಬಂದದ್ದು ಅದಾದ ಮೇಲೆ. ಏರಿಯ ಮೇಲೆ ನಿಂತು, ನೀರಿನಲ್ಲಿ ನಾನು ಏನು ಅಳೆಯಲಿ ಎಂದನಂತೆ.

“ನಾ ಅಂದೆ ಅಕ್ಕಾ. ಸಾಹೇಬ್ರ, ಹ್ವಾದ ವರ್ಷ ಇದೇ ಮಳಿಗೆ ಕೆರಿಯಾಗ ಎಮ್ಮಿ ಕಾಲು ಮುಳಗತಿರಲಿಲ್ಲ. ಈಗ ಆಳು ಮುಳಗತೈತಿ. ನಾವು ತಗದ ತಗ್ಗಿನಾಗೇ ನಿಂತೈತಲ್ರಿ ನೀರು, ಇನ್ಯಾವ ಅಳತಿ ಬೇಕು ನಿಮಗ? ಅಂತ.”

“ಅದಕ್ಕ ಏನಂದಾ?”

“ಗಾಡಿ ಚಾಲೂ ಮಾಡಿದ್ರಿ.”

ಅಷ್ಟು ದಿನದ ದುಡಿಮೆಗೆ ಅವನು ದಯಮಾಡಿ ಬರೆದದ್ದು ಹೊಟ್ಟೆಗೆ ಸಾಲುವಂಥದ್ದಲ್ಲ. ಮನೆಯಲ್ಲಿ ಜೋಳ ತೀರಿತ್ತು. ಬಿತ್ತನೆಗೆ ಅವರಿಗೆ ಸ್ವಂತ ಹೊಲವಿಲ್ಲ. ಗಂಡ ಒಬ್ಬನೇ ಬರುತ್ತೇನೆಂದರೆ ಮೇಸ್ತ್ರಿ, ಗಂಡ ಹೆಂಡತಿ ಇಬ್ಬರೂ ಬಂದರೆ ಮಾತ್ರ ಶೆಡ್ಡು ಎಂದ. ಇಬ್ಬರೂ ಬಂದರು.

ಮೊದಮೊದಲು ಕೂತು ಉಸುಕು ಸಾಣಿಸುತ್ತಿದ್ದಳು. ಸ್ಲ್ಯಾಬು ಹಾಕುವ ದಿನಗಳು ಬಂದವು, ಆಳು ಕಡಿಮೆ ಬಿದ್ದರು. ಒಂದು ಮುಂಜಾನೆ ನೋಡುತ್ತೇನೆ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಾಂಕ್ರೀಟಿನ ಪುಟ್ಟಿ. ಹೋಗಿ ಮೇಸ್ತ್ರಿಯನ್ನು ಹಿಂದಿಯಲ್ಲಿ ಬೈದೆ. ಅವನು ಬೀಡಿ ಕೂಡ ಬಾಯಿಂದ ತೆಗೆಯಲಿಲ್ಲ. “ನಾನೇನು ಅವಳ ಊರಿಗೆ ಹೋಗಿ ಕರೆದುಕೊಂಡು ಬಂದೆನೇ ಮೇಡಂ? ತಾನೇ ಬಂದಿದ್ದಾಳೆ” ಎಂದ. ತಂಗಿ ಮೆಟ್ಟಿಲ ಬಳಿಯಿಂದಲೇ ಕಣ್ಣಲ್ಲಿ ಬೇಡ ಎಂದಳು. ಜಗಳವಾದರೆ ಶೆಡ್ಡು ಹೋಗುತ್ತದೆ.

ಏಳನೆಯ ತಿಂಗಳಲ್ಲಿ ಅದೂ ಹೋಯಿತು. ಹೆಣ್ಣು. ಆಟೋದಲ್ಲಿ ದವಾಖಾನೆಗೆ ನಾನೇ ಜೊತೆಗೆ ಹೋಗಿದ್ದೆ. ಮರಳಿ ಬಂದ ಮೇಲೆ ಹಾಲು ಕಟ್ಟಿ ಎದೆ ಬಾತಿತ್ತು, ಹಳೆಯ ಪಂಚೆ ಹರಿದು ಬಿಗಿಯಾಗಿ ಕಟ್ಟಿಕೊಟ್ಟೆ. ಅವಳು ಅಳಲಿಲ್ಲ. ತಗಡಿನ ಕಡೆ ಮುಖ ಮಾಡಿ, “ಮಳಿ ಎಲ್ಡು ದಿನ ತಡಾ ಆಗಿದ್ರ ನಡೀತಿತ್ತಲ್ರಿ ಅಕ್ಕಾ… ಹಾಳಾದ ಮಳಿ” ಎಂದಳು.

ಆ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವಳು ಮಳೆಯನ್ನು ಬೈದಳು. ಮಳೆ ಏನು ಮಾಡಿತ್ತು? ಮಿರಗ ತನ್ನ ಕಾಲಕ್ಕೆ ಬಂದಿತ್ತು. ಹೆಂಗಸರು ಹೊತ್ತಿಗೆ ಸರಿಯಾಗಿ ಗುದ್ದಲಿ ಹಿಡಿದು ಬಂದಿದ್ದರು. ಕೆರೆ ತುಂಬಿತ್ತು. ಬರಬೇಕಾದವರಲ್ಲಿ ಬಾರದೆ ಉಳಿದವನು ಒಬ್ಬನೇ, ಅವನಿಗೆ ಮಾತ್ರ ತಿಂಗಳ ಪಗಾರಕ್ಕೆ ಯಾರೂ ದಿಬ್ಬ ತೋರಿಸು ಎನ್ನಲಿಲ್ಲ. ಕೆರೆಯಂಗಳಕ್ಕೆ ಮಳೆಯ ಮೊದಲು ಒಂದು ಸಲ ಬಂದು ಟೇಪು ಹಿಡಿಯಲು ಆಗದವರಿಗೆ, ಬಡವರಿಗೆ ಕೆಲಸ ಕೊಟ್ಟೆವೆಂದು ಗೋಡೆಯ ಮೇಲೆ ಬರೆಸಲು ಮಾತ್ರ ಬಣ್ಣ ಸಿಗುತ್ತದೆ.

ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಹೇಳದೆ ಹೋದರು. ಶೆಡ್ಡು ಬಿಚ್ಚಿದರು. ಅವಳು ಎಲ್ಲಿದ್ದಾಳೋ, ಇನ್ನೂ ಯಾವ ಮೆಟ್ಟಿಲು ಹತ್ತುತ್ತಿದ್ದಾಳೋ, ನನಗೆ ಗೊತ್ತಾಗಲೇ ಇಲ್ಲ… ಅವಳ ಹಾಗೆ ನನ್ನ ಗೇಟಿನಲ್ಲಿ ನಿಂತು ನನ್ನನ್ನೇ ಹಂಗಿಸುವವರು ಆಮೇಲೆ ಯಾರೂ ಬರಲಿಲ್ಲ.

ಇವತ್ತು ಸಂಜೆ ನಮ್ಮವರು ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತ, “ಮ್ಯಾಲಿನ ಮನಿ ಸೋರಾಕತ್ತೈತಿ, ರಿಪೇರಿಗೆ ಒಬ್ಬ ಆಳು ಸಿಗವಲ್ಲ. ಸರ್ಕಾರದ ಕೆಲ್ಸಾ ಅಂತ ಎಲ್ಲಾರೂ ಊರಾಗ ಕುಂತು ತಿನ್ನಾಕತ್ಯಾರ” ಎಂದರು. ದಿನವೂ ಯಾರಾದರೂ ಆಡುವ ಮಾತೇ. ನನ್ನ ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು.

“ಶೆಡ್ಡಿನ ತಂಗಿ ಕುಂತಿದ್ರ ಆಕಿ ಮಗಳು ಉಳೀತಿದ್ಲು,” ಎಂದೆ. “ಕುಂದ್ರಾಕ ಬಿಟ್ರೇನು ನೀವು?”

ಸಾಹೇಬನಿಗೆ ಹೇಳಬೇಕಾದದ್ದು ಇವರಿಗೆ ಹೇಳಿದೆ. ಸಾಹೇಬ ನನ್ನ ಕೈಗೆ ಸಿಕ್ಕವನಲ್ಲ. ಇವರು ಎರಡನೆಯ ಬೂಟನ್ನೂ ಬಿಚ್ಚಿಟ್ಟು ಬಚ್ಚಲಿಗೆ ಹೋದರು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಮಧ್ಯಾಹ್ನ ಉಳಿದಿದ್ದ ಬೇಳೆ. ಇವರು ಒಂದು ರೊಟ್ಟಿಗೇ ಕೈ ತೊಳೆದು ನನಗಿಂತ ಮೊದಲೇ ಮಲಗಿದರು.