ನನ್ನ ಹೆಂಡತಿಯ ಲಾರಿಗೆ ನಾನು ಡ್ರೈವರ್

ನಾನು ಹನ್ನೊಂದು ವರ್ಷ ಓಡಿಸಿದ ಲಾರಿ ಕಾಗದದ ಮೇಲೆ ನನ್ನದಾಗಿರಲಿಲ್ಲ. ಕೊಳ್ಳುವಾಗ ನನಗೆ ಸಾಡೇಸಾತಿ ನಡೆದಿತ್ತು. ಶನಿ ಕಾಡುವಾಗ ಕಬ್ಬಿಣ ನಿನ್ನ ಹೆಸರಿಗೆ ಬೇಡ ಎಂದು ಪಂಚಾಂಗ ನೋಡುವವರು ಹೇಳಿದರು. ಅಷ್ಟು ಸಾಕಾಯಿತು ನನಗೆ. ಟಾಯರ್ ಪಂಚರಾಗುವ ಮೊದಲೇ ಪಂಚರಾದೀತೆಂದು ಬೆವರುವ ಮನುಷ್ಯ ನಾನು. ಲಾರಿ ಹೆಂಡತಿಯ ಹೆಸರಿಗೆ ಬಂತು. ಶನಿಗೆ ಚಳ್ಳೆಹಣ್ಣು ತಿನ್ನಿಸಿದೆನೆಂದು ನಮ್ಮೂರು ಬೋರಗಾಂವದ ತುಂಬ ಎದೆಯುಬ್ಬಿಸಿ ಓಡಾಡಿದೆ.

ಬೇಸಿಗೆಯಲ್ಲಿ ಊರಿನ ಮಗ್ಗಗಳ ಬಟ್ಟೆ ಗಂಟು, ಸುಗ್ಗಿಯಲ್ಲಿ ಹೊಳೆಸಾಲಿನ ಕಬ್ಬು. ಎರಡು ಸಾವಿರದ ಹತ್ತರ ಆಸುಪಾಸು ಸತ್ತಿ ಊರಿನ ಕಡೆಯ ಒಬ್ಬ ಡ್ರೈವರ್ ಕಬ್ಬಿನ ಹೇರಿನ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಅವನ ಲಾರಿಯೂ ಹೆಂಡತಿಯ ಹೆಸರಿನಲ್ಲಿತ್ತು. ವಿಮೆಯಿಂದ ಅವನಿಗೆ ಏನೂ ಬರಲಿಲ್ಲವೆಂದು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಮರುದಿನವೇ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಿಪ್ಪಾಣಿಯ ವಿಮೆ ಏಜೆಂಟರ ಮುಂದೆ ಕುಳಿತೆ.

"ಮಾಲಕರ ಲೈಸನ್ಸ್ ಕೊಡ್ರಿ," ಅಂದರು.

"ಮಾಲಕರಿಗೆ ಸೈಕಲ್ಲೂ ಬರೂದಿಲ್ರಿ. ಓಡಸಾಂವ ನಾನು."

"ನೀವೇನಾಗಬೇಕು?"

"ಗಂಡ."

"ಅವರಿಗಲ್ರಿ. ಲಾರಿಗೆ ನೀವೇನಾಗಬೇಕು?"

ಸ್ವಂತ ಲಾರಿ ಓಡಿಸುವ ಮಾಲೀಕನಿಗೆ ಒಂದು ವಿಮೆ, ಪಗಾರಕ್ಕೆ ಓಡಿಸುವ ಡ್ರೈವರನಿಗೆ ಕಾರ್ಮಿಕರ ಪರಿಹಾರದ ಇನ್ನೊಂದು ವಿಮೆ. ನಾನು ಮಾಲೀಕನೂ ಅಲ್ಲ, ಆಳೂ ಅಲ್ಲ. ಶನಿಯಿಂದ ತಪ್ಪಿಸಿಕೊಳ್ಳಲು ಹೋಗಿ ಎರಡರ ನಡುವಿನ ಸಂದಿಯಲ್ಲಿ ಬಿದ್ದಿದ್ದೆ. ಏಜೆಂಟರೇ ದಾರಿ ತೋರಿಸಿದರು. ಹೆಂಡತಿ ನನ್ನನ್ನು ಪಗಾರದ ಡ್ರೈವರ್ ಎಂದು ಇಟ್ಟುಕೊಂಡು, ಹಾಗೆಂದು ಬರೆದುಕೊಟ್ಟು, ಪಗಾರವನ್ನೂ ಖರೇನ ಕೊಡಬೇಕು.

ಆಕೆ ಕಾಗದವನ್ನು ಎರಡು ಸಲ ಓದಿದಳು.

"ಎದ್ದ ಕೂಡಲೇ ಮೂರ ಸಲ ಚಾ ಕೇಳೂ ಡ್ರೈವರ್ ನಮಗ ಬ್ಯಾಡ್ರಿ."

"ಎರಡ ಸಲ ಕೇಳತೇನಿ. ಸಹಿ ಮಾಡ."

ಮಾಡಿದಳು. ತಿಂಗಳಿಗೊಮ್ಮೆ ದೇವರ ಮುಂದೆ ನಿಂತು ಪಗಾರ ಕೊಡುತ್ತಿದ್ದಳು. ನಾನು ತೆಗೆದುಕೊಂಡು ತಿರುಗಿ ಸಂಸಾರಕ್ಕೆಂದು ಅವಳ ಕೈಯಲ್ಲೇ ಇಡುತ್ತಿದ್ದೆ. ಸಕ್ಕರೆ ಕಾರ್ಖಾನೆ ಮುಂದಿನ ಲಾರಿ ಸಾಲಿನಲ್ಲಿ ಉಳಿದ ಡ್ರೈವರುಗಳು ಬಿಡಲಿಲ್ಲ: "ಏ ಡ್ರೈವರಾ, ಮಾಲಕೀಣಬಾಯಿ ಇವತ್ತ ರಜಾ ಕೊಟ್ಟಿಲ್ಲೇನ್ಲೇ?"

ಅದಾದ ಎರಡನೆಯ ಸುಗ್ಗಿಯಲ್ಲಿ, ದಿಗ್ಗೇವಾಡಿಯ ಒಂದು ಹೊಲದಲ್ಲಿ, ಹೇರು ಸರಿದೀತೆಂಬ ಚಿಂತೆಗೆ ಬಿಗಿದ ಹಗ್ಗವನ್ನೇ ಮತ್ತೊಮ್ಮೆ ಬಿಗಿಯಲು ಲಾರಿಯ ಮೇಲೆ ಹತ್ತಿದೆ. ಹೇರು ಸರಿಯಲಿಲ್ಲ, ನಾನು ಸರಿದೆ. ಬಲಗಾಲು ಎರಡು ಕಡೆ ಮುರಿಯಿತು.

ಪರಿಹಾರಕ್ಕೆ ಅರ್ಜಿ ಹಾಕಿದ ಮೇಲೆ ವಿಮೆಯವರು ವಿಚಾರಣೆಗೆ ಒಬ್ಬರನ್ನು ಮನೆಗೆ ಕಳಿಸಿದರು. ಅವರು ಬರುವ ಮೊದಲು ಎಂಟು ದಿನ ಹೆಂಡತಿಗೆ ಪಾಠ ಹೇಳಿಕೊಟ್ಟಿದ್ದೆ: ಪಗಾರ ಎಷ್ಟು, ಕೆಲಸಕ್ಕೆ ಇಟ್ಟುಕೊಂಡದ್ದು ಯಾವಾಗ, ರಜೆ ಯಾವತ್ತು. ಸಾಹೇಬರು ಪಡಸಾಲೆಯಲ್ಲಿ ಕುಳಿತರು. ನಾನು ಒಳಗೆ ಹೊರಸಿನ ಮೇಲೆ, ಪ್ಲಾಸ್ಟರಿನ ಕಾಲು ಚಾಚಿಕೊಂಡು ಕಿವಿಯಾಗಿದ್ದೆ.

"ಬಾಯಾರ, ನಿಮ್ಮ ಡ್ರೈವರ್ ಯಾರು?"

"ನಮ್ಮ ಮನಿಯವರ್ರಿ."

ಎಂಟು ದಿನದ ಪಾಠ ಮೊದಲ ಪ್ರಶ್ನೆಗೇ ಮಣ್ಣುಪಾಲಾಯಿತು.

"ಮನಿಯವರಂದ್ರ ಗಂಡ ಆದ್ರು. ನಾ ಡ್ರೈವರನ ಕೇಳಾಕತ್ತೇನಿ. ಹೆಸರೇನು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ಜಗತ್ತಿನ ಸಂಕಟಗಳನ್ನೆಲ್ಲ ಮುಂಗಡವಾಗಿ ಊಹಿಸಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

"ಕಾಗದದಾಗ ಐತೆಲ್ರಿ," ಅಂದಳು ಸಣ್ಣ ದನಿಯಲ್ಲಿ.

"ಕಾಗದ ಯಾರಾದ್ರೂ ಬರೀತಾರ. ಪಗಾರ ಕೊಡವ್ರ ಬಾಯಿಲೆ ನಾ ಕೇಳಬೇಕು. ಹೆಸರ ಹೇಳದ ಮಾಲಕರು ಅಂತ ಬರ್ಕೊಂಡ ಹೋಗಲೇನು?"

ಒಳಗಿನಿಂದ ನಾನೇ ಕೂಗಿ ಹೇಳಲೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವ ಗದರಿದಳು: "ಒಡಪು ಹಾಕಿ ಹೇಳಬೇ! ಮದುವ್ಯಾಗ ಹೇಳಿದ್ದಿಲ್ಲೇನು?"

ಒಡಪು ಎಂದರೆ ಎರಡು ಸಾಲು ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಬಳೆ ಸದ್ದಾಯಿತು, ಸೆರಗು ಸರಿ ಮಾಡಿಕೊಂಡಿರಬೇಕು.

"ಹೊಳಿ ದಂಡ್ಯಾಗ ಕಬ್ಬು ಹೇರಿ ನಿಂತೈತಿ ಲಾರಿ,
ನಮ್ಮ ಡ್ರೈವರ್ ಇಂಥವರು ಬರೂ ಮಟ ನೋಡತೇನಿ ದಾರಿ."

'ಇಂಥವರು' ಎಂದು ನಾನು ಬರೆದಲ್ಲಿ ನನ್ನ ಹೆಸರಿತ್ತು, ಪೂರ್ತಿ, ಮನೆತನದ ಅಡ್ಡಹೆಸರಿನ ಸಮೇತ. ಇಷ್ಟು ವರ್ಷ ನಾನು ಮನೆಗೆ ಬರುವಾಗೆಲ್ಲ ಆಕೆ ಒಲೆಯ ಮುಂದೆಯೇ ಇರುತ್ತಿದ್ದಳು. ದಾರಿ ನೋಡುತ್ತಾಳೆಂದು ಯಾರಿಗೆ ಗೊತ್ತಿತ್ತು? ಚಿಂತೆಯ ಗುತ್ತಿಗೆ ಇಡೀ ಮನೆಯಲ್ಲಿ ನನ್ನೊಬ್ಬನದೇ ಎಂದುಕೊಂಡಿದ್ದೆ.

ಸಾಹೇಬರು, "ಇದನ್ನ ಹೆಂಗ ಬರೀಲ್ರಿ ನಾ?" ಅಂದು ನಕ್ಕು, ಕೊನೆಗೆ ಬರೆದದ್ದು ಇಷ್ಟೇ: ಮಾಲಕರು ಚಾಲಕನ ಹೆಸರನ್ನು ಸ್ವತಃ ತಿಳಿಸಿದರು.

ಪರಿಹಾರ ಮುಂದಿನ ಸುಗ್ಗಿಗೆ ಮೊದಲೇ ಬಂತು. ಕಾಲು ಕೂಡಿತು, ಸ್ವಲ್ಪ ಗಿಡ್ಡಾಗಿ. ಲಾರಿ ಮಾರಿ ಈಗ ಕೆಲ ವರ್ಷಗಳಾದವು. ಆ ವಿಚಾರಣೆಯ ವರದಿಯ ಒಂದು ಪ್ರತಿ ಟ್ರಂಕಿನಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ. ಒಡಪು ಅದರಲ್ಲಿಲ್ಲ.

ಮೊನ್ನೆ ಚಿಕ್ಕೋಡಿಯ ದವಾಖಾನೆಯಲ್ಲಿ ಚೀಟಿ ಬರೆಯುವ ಹುಡುಗಿ ನನ್ನ ಹೆಸರು ಕೇಳಿದಾಗ ಹೆಂಡತಿ ನನ್ನತ್ತ ಕೈ ಮಾಡಿ, "ಇವರನ್ನ ಕೇಳ್ರಿ," ಅಂದಳು. ಆ ಒಡಪು ಇನ್ನೊಮ್ಮೆ ಹೇಳೆಂದು ಕೇಳುವ ಆಸೆ ನನಗೂ ಇದೆ. ಅದಕ್ಕೆ ಎಡಗಾಲು ಕೊಡಬೇಕಾದೀತೆಂಬ ಚಿಂತೆಗೆ ಸುಮ್ಮನಿದ್ದೇನೆ.