ಕನ್ನಡಿಗಿಂತ ಮೊದಲು ಅಕ್ಕನ ಕೈ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಉಳಿದ ಅಂಗಡಿಗಳು ಬಾಗಿಲು ಹಾಕಿಕೊಂಡು ತೆಪ್ಪಗಿವೆ, ಒಂದರ ಷಟರ್ ಮಾತ್ರ ಅರ್ಧಕ್ಕೆ ಎದ್ದಿದೆ. ಅದರ ಮುಂದೆ ಹಳೇ ಕಾಲದ ಚಹರೆಯ ಮೋಟಾರ್ ಸೈಕಲ್ಲುಗಳು ಸಾಲುಗಟ್ಟಿವೆ. ದುಂಡನೆ ದೀಪ, ಫಳಫಳಿಸುವ ಟ್ಯಾಂಕು, ಉದ್ದನೆ ಸೈಲೆನ್ಸರು. ಗಾಡಿಗಳ ಪಕ್ಕದಲ್ಲಿ ಅವುಗಳ ಒಡೆಯರು ಹೆಲ್ಮೆಟ್ ತೊಟ್ಟು, ಪಟ್ಟಿ ಬಿಗಿದು, ಪರೀಕ್ಷೆಗೆ ಬಂದವರಂತೆ ಸದ್ದಿಲ್ಲದೆ ನಿಂತಿದ್ದಾರೆ.

ಷಟರ್ ಕೆಳಗಿನಿಂದ ಬಗ್ಗಿ ಹೊರಬರುವ ಹೆಂಗಸು ಗಿಡ್ಡ ಆಳು. ಮೊಣಕೈವರೆಗೆ ಮಡಚಿದ ತೋಳು, ಕತ್ತಿನಲ್ಲಿ ಜೋತುಬಿದ್ದ ಅಳತೆ ಟೇಪು, ಹೆಬ್ಬೆರಳಲ್ಲಿ ಹೊಲಿಗೆಯ ಗಾಯದ ಗುರುತು. ಮೊದಲನೆಯವರ ಹಿಂದೆ ನಿಂತು "ಬಗ್ಗಿ" ಎನ್ನುತ್ತಾರೆ. ಮನೆಯಲ್ಲಿ ಯಾರ ಮಾತಿಗೂ ಜಗ್ಗದ ನರೆಗಡ್ಡದ ಆಸಾಮಿ ಇಲ್ಲಿ ಮರುಮಾತಿಲ್ಲದೆ ಬಗ್ಗುತ್ತಾರೆ. ಹೆಲ್ಮೆಟ್ಟಿನ ಹಿಂದಿನ ಅಂಚಿಗೆ ಬೆರಳು ಸಿಕ್ಕಿಸಿ ಆಕೆ ಅದನ್ನು ಮೇಲಕ್ಕೆ, ಮುಂದಕ್ಕೆ ಒಮ್ಮೆ ಜಗ್ಗುತ್ತಾರೆ. ತಲೆ ಅಲುಗುತ್ತದೆ, ಹೆಲ್ಮೆಟ್ ಅಲುಗುವುದಿಲ್ಲ. "ಹೋಗಿ" ಎಂದು ಬೆನ್ನು ತಟ್ಟಿ ಮುಂದಿನವರ ಹಿಂದೆ ನಿಲ್ಲುತ್ತಾರೆ. ಜಗ್ಗಿದಾಗ ಹೆಲ್ಮೆಟ್ ಕಣ್ಣಿನ ಮೇಲೆ ಜಾರಿತೋ, ಅದರ ಒಡೆಯನಿಗೆ ಆವತ್ತು ಸವಾರಿಯಿಲ್ಲ. ಇದನ್ನು ಯಾವ ಸಂಘವೂ ಠರಾವು ಮಾಡಿಲ್ಲ. ಅಕ್ಕನ ಕೈ ದಾಟದೆ ಯಾರೂ ಗಾಡಿ ಚಾಲೂ ಮಾಡುವುದಿಲ್ಲ, ಅಷ್ಟೇ.

ಹೌದು, ಎಲ್ಲರಿಗೂ ಅವರು ಹೆಲ್ಮೆಟ್ ಅಕ್ಕ. ಅವರಿಗಿಂತ ವಯಸ್ಸಾದವರಿಗೂ ಅಕ್ಕನೇ. ಹಳೇ ಮಾದರಿಯ ಗಾಡಿ ಓಡಿಸುವವರು ಮುಖ ತೆರೆದ ಹೆಲ್ಮೆಟ್ಟಿಗೆ ಮನಸೋಲುತ್ತಾರೆ. ತಲೆ ಮತ್ತು ಕಿವಿ ಮುಚ್ಚಿ, ಮುಖವನ್ನು ಗಾಳಿಗೆ ಬಿಡುವ ಓಪನ್ ಫೇಸ್ ಹೆಲ್ಮೆಟ್ ಅದು. ಅದನ್ನು ಆರಿಸಿಕೊಡುವುದು, ಒಳಗಿನ ಬಟ್ಟೆ ಹರಿದರೆ ಹೊಲಿದುಕೊಡುವುದು, ಇಷ್ಟೇ ಅಕ್ಕನ ಕಸುಬು. ಇಷ್ಟೇ ಎಂದುಕೊಂಡೇ ನಾನೂ ಅವರ ಬಗ್ಗೆ ಬರೆಯಲೆಂದು ಒಂದು ದಿನ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತೆ. ಎದ್ದು ಬರುವಾಗ ನನ್ನ ತಲೆಯ ಬಗ್ಗೆ ನನಗೇ ಒಂದು ಗೌರವ ಹುಟ್ಟಿತ್ತು.

ಅಂಗಡಿ ಅಂದರೆ ಒಂದೇ ಕೋಣೆ. ಗೋಡೆಯ ಮೂರು ಕಡೆ ಕಪಾಟು, ಕಪಾಟಿನ ತುಂಬ ಬಣ್ಣಬಣ್ಣದ ಬುರುಡೆಗಳು. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಪಕ್ಕ ಬಾಗಿದ ಸೂಜಿಗಳ ಡಬ್ಬಿ. ಬಾಗಿಲ ಹತ್ತಿರ ಆಳೆತ್ತರದ ಕನ್ನಡಿ ಇದೆ, ಆದರೆ ಅದರ ಮೇಲೆ ಸದಾ ಒಂದು ಬೆಡ್‌ಶೀಟು. ಬಂದವರೆಲ್ಲ ಮೊದಲು ಕನ್ನಡಿ ಕೇಳುತ್ತಾರೆ. ಅಕ್ಕ ಕೊಡುವುದಿಲ್ಲ. ಕನ್ನಡಿ ನೋಡಿದ ಮೇಲೆ ಯಾರಿಗೂ ಬುದ್ಧಿ ಇರುವುದಿಲ್ಲ ಎಂಬುದು ಅವರ ಅನುಭವ.

ಆವತ್ತು ಬಂದ ಗಿರಾಕಿ ತಲೆಗೂದಲು ಕತ್ತರಿಸುವ ಅಂಗಡಿಯವರು. ದಿನವಿಡೀ ತಲೆಗಳ ನಡುವೆಯೇ ಬಾಳುವ ಮನುಷ್ಯ, ಹಾಗಾಗಿ ಸಲಹೆ ಬೇಡವೆಂಬ ಗತ್ತಿನಲ್ಲೇ ಒಳಗೆ ಬಂದರು. ಹೊಸದಾಗಿ ಹಳೇ ಗಾಡಿ ಕೊಂಡಿದ್ದಾರೆ. ಕಪಾಟಿನ ಚಿಕ್ಕ ಕಪ್ಪು ಹೆಲ್ಮೆಟ್ಟನ್ನು ಎತ್ತಿ ತಲೆಗೆ ತುರುಕಿಕೊಂಡರು. ದೊಡ್ಡದು ಹಾಕಿದರೆ ಅಣಬೆಯ ಹಾಗೆ ಕಾಣುತ್ತೇನೆ ಎಂಬುದು ಅವರ ಚಿಂತೆ. ಈ ಅಣಬೆಯ ಭಯ ಎಲ್ಲರದೂ ಎಂದು ಅಕ್ಕ ಆಮೇಲೆ ನನಗೆ ಹೇಳಿದರು. ಚೆಂದ ಕಾಣಲೆಂದು ಒಂದು ಅಳತೆ ಚಿಕ್ಕದು ಕೊಂಡು, ಅರ್ಧ ದಾರಿಯಲ್ಲಿ ತಲೆನೋವು ತಾಳಲಾರದೆ ಹೆಲ್ಮೆಟ್ಟನ್ನು ಗಾಡಿಯ ಕನ್ನಡಿಗೆ ನೇತುಹಾಕಿಕೊಂಡು ಹೋಗುವವರಿಗೆ ಲೆಕ್ಕವಿಲ್ಲವಂತೆ.

ಅಕ್ಕ ವಾದಿಸಲಿಲ್ಲ. ಅವರನ್ನು ಕೂರಿಸಿ, ಹೆಲ್ಮೆಟ್ ತೆಗೆಯಬೇಡಿ ಎಂದು ಹೇಳಿ, ಒಂದು ಲೋಟ ಟೀ ಕೈಗಿಟ್ಟರು. ಟೀ ಮುಗಿದು ಹೆಲ್ಮೆಟ್ ತೆಗೆದಾಗ ಅವರ ಹಣೆಯ ನಡುವೆ ಕೆಂಪು ಗೀರು ಮೂಡಿತ್ತು, ಹುಬ್ಬು ಗಂಟಿಕ್ಕಿತ್ತು. ಅಕ್ಕ ಹತ್ತೂ ಬೆರಳನ್ನು ಅವರ ತಲೆಯ ಮೇಲೆ ಹರಡಿ, ಕಣ್ಣು ಮುಚ್ಚಿ, ಮೆಲ್ಲಗೆ ಒತ್ತುತ್ತ ಹೋದರು. ಹಣೆಯಿಂದ ಹಿಂದಕ್ಕೆ ಉದ್ದವೋ, ಕಿವಿಯಿಂದ ಕಿವಿಗೆ ದುಂಡೋ ಎಂದು ಬೆರಳೇ ಹೇಳುತ್ತದಂತೆ. ಟೇಪು ಸುತ್ತಳತೆ ಕೊಡುತ್ತದೆ, ಆಕಾರ ಕೊಡುವುದಿಲ್ಲ. ಒಂದೇ ಸುತ್ತಳತೆಯ ಇಬ್ಬರಿಗೆ ಒಂದೇ ಹೆಲ್ಮೆಟ್ ಕೂರಬೇಕೆಂದೇನೂ ಇಲ್ಲ. ಆ ಕೈಗಳು ತಲೆಯ ಮೇಲೆ ಓಡಾಡುವುದನ್ನು ನೋಡುತ್ತ ನಾನು ಟಿಪ್ಪಣಿ ಬರೆಯುವುದನ್ನೇ ಮರೆತೆ.

ಆಮೇಲೆ ಬೇರೊಂದು ಕಂಪನಿಯ ಹೆಲ್ಮೆಟ್ ಬಂತು. ಹಾಕಿದಾಗ ಕೆನ್ನೆ ಎರಡೂ ಉಬ್ಬಿ, ಕ್ಷೌರದಂಗಡಿಯವರು ಮುನಿಸಿಕೊಂಡ ಮಗುವಿನಂತಾದರು. ಹೊಸದಕ್ಕೆ ಕೆನ್ನೆ ಉಬ್ಬಲೇಬೇಕು, ಮೆತ್ತೆ ಆಮೇಲೆ ಬಗ್ಗುತ್ತದೆ, ಆದರೆ ಹಣೆ ಮಾತ್ರ ನೋಯಬಾರದು. ಕತ್ತಿನ ಪಟ್ಟಿಯೊಳಗೆ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಕನ್ನಡಕದ ಕಡ್ಡಿ ಕಿವಿಯನ್ನು ಒತ್ತಬಾರದು. ಇದೆಲ್ಲ ಆದ ಮೇಲೆ ಅಕ್ಕ ಎಷ್ಟು ಜೋರಾಗಿ ಓಡಿಸುತ್ತೀರಿ ಎಂದು ಕೇಳಿದರು. ವ್ಯಾಪಾರ ಕೆಡಿಸುವ ಈ ಪ್ರಶ್ನೆಯನ್ನು ಅವರು ಯಾರಿಗೂ ತಪ್ಪಿಸುವುದಿಲ್ಲ.

"ಇದು ಗದ್ದ ಕಾಯಲ್ಲ. ಮುಖ ಕಾಯಲ್ಲ. ನಿಧಾನಕ್ಕೆ, ಗಾಳಿ ಕುಡೀತಾ ಹೋಗೋರಿಗೆ ಮಾಡಿರೋದು. ಹೆದ್ದಾರೀಲಿ ಹಾರಿಸ್ಕೊಂಡು ಹೋಗೋ ಆಸೆ ಇದ್ರೆ ಈಗಲೇ ಹೇಳಿ, ಮುಖ ಮುಚ್ಚೋದು ಕೊಡ್ತೀನಿ. ಚೆಂದ ಕಾಣಲ್ಲ, ಆದ್ರೆ ಹಲ್ಲು ಉಳಿಯುತ್ತೆ."

ಕ್ಷೌರದಂಗಡಿಯವರು ನಿಧಾನಕ್ಕೇ ಓಡಿಸುವ ಪ್ರಮಾಣ ಮಾಡಿದರು. ಆಗಷ್ಟೇ ಕನ್ನಡಿಯ ಬೆಡ್‌ಶೀಟು ಸರಿಯಿತು. ಅಣಬೆ ಎನ್ನುವಷ್ಟೇನೂ ಇರಲಿಲ್ಲ.

ಅಕ್ಕನ ಅಪ್ಪ ಗಾಡಿಗಳ ಸೀಟು ಹೊಲಿಯುತ್ತಿದ್ದವರು. ಅವರು ತೀರಿಕೊಂಡಾಗ ಅಕ್ಕನಿಗೆ ಆಗಷ್ಟೇ ಹರೆಯ, ತಮ್ಮ ಇನ್ನೂ ಅಂಬೆಗಾಲಿನ ಕೂಸು. ಅಮ್ಮ ಹಾಸಿಗೆ ಹಿಡಿದಿದ್ದರು. ಅಕ್ಕ ಸೂಜಿ ಹಿಡಿದರು. ತಮ್ಮನನ್ನು ರೆಕ್ಸಿನ್ ತುಂಡುಗಳ ರಾಶಿಯ ಮೇಲೆ ಮಲಗಿಸಿ ಸೀಟು ಹೊಲಿದರು, ಊಟ ಮಾಡಿಸುತ್ತ ಹೊಲಿದರು, ಅಕ್ಷರ ಕಲಿಸುತ್ತ ಹೊಲಿದರು. ಸೀಟಿಗೆ ಬಂದವರು ಹೆಲ್ಮೆಟ್ಟಿನ ಒಳಬಟ್ಟೆಯನ್ನೂ ಕೊಡತೊಡಗಿದ ಮೇಲೆ ಕೆಲಸ ಅತ್ತ ವಾಲಿತು.

ಮೊದಮೊದಲು ಒಂದು ತಪ್ಪೂ ನಡೆದುಹೋಯಿತು. ಪಕ್ಕದ ಬೀದಿಯವರೊಬ್ಬರು ಸಡಿಲವಾದ ಹೆಲ್ಮೆಟ್ ತಂದು ಬಿಗಿ ಮಾಡಿಕೊಡಿ ಎಂದರು. ಅಕ್ಕ ಸೀಟಿಗೆ ತುಂಬುವಂತೆಯೇ ದಪ್ಪ ಸ್ಪಂಜು ತುಂಬಿ ಹೊಲಿದುಕೊಟ್ಟರು. ಹಾಕಿಕೊಂಡರೆ ಹೂವಿನಂತೆ ಹಿತ. ಒಂದು ತಿರುವಿನಲ್ಲಿ ಗಾಳಿ ಹಿಂದಿನಿಂದ ಎತ್ತಿತು, ಸ್ಪಂಜು ಮಣಿಯಿತು, ಹೆಲ್ಮೆಟ್ ಕಣ್ಣಿನ ಮೇಲೆ ಬಂದು ಕೂತಿತು. ಗಾಡಿ ಚರಂಡಿಗೆ ಇಳಿದು ನಿಂತದ್ದರಿಂದ ಬಚಾವ್. ಅಂದಿನಿಂದ ಅಕ್ಕ ದೊಡ್ಡದನ್ನು ಚಿಕ್ಕದು ಮಾಡುವ ಕೆಲಸ ಮುಟ್ಟಿಲ್ಲ, ಜಗ್ಗಿ ನೋಡದೆ ಯಾರನ್ನೂ ಕಳಿಸಿಯೂ ಇಲ್ಲ.

ಮತ್ತೆ ಭಾನುವಾರದ ಬೆಳಗಿಗೆ ಬರೋಣ. ಸಾಲು ಮುಗಿಯುತ್ತ ಬಂದಾಗ ಬೀದಿಯ ಕೊನೆಯಿಂದ ಗುಡುಗುಡು ಸದ್ದು ಕೇಳುತ್ತದೆ. ಬಂದವರು ಅಕ್ಕನ ತಮ್ಮ. ಗಾಡಿಯ ಸದ್ದು ಕೇಳಿ ಗೆಳೆಯರು ಅವರಿಗೆ ಇಟ್ಟ ಹೆಸರು ಗುಡುಗು. ಇವತ್ತಿನ ಸವಾರಿಗೆ ಮುಂದಾಳು ಅವರೇ. ತಲೆಯಲ್ಲಿ ಕೆನೆಬಣ್ಣದ, ನಡುವೆ ಕೆಂಪು ಪಟ್ಟೆ ಎಳೆದ ಹೆಲ್ಮೆಟ್. ಒಳಬಟ್ಟೆ ಅಕ್ಕನದೇ ಹೊಲಿಗೆ. ಕಳೆದ ಕೆಲವು ಭಾನುವಾರ ಅವರು ದಾರಿಯಲ್ಲೇ ಬಂದು ಸೇರಿಕೊಳ್ಳುತ್ತಿದ್ದರಂತೆ. ಇಂದು ಮುಂದೆ ನಿಲ್ಲಬೇಕಾದ್ದರಿಂದ ಅಂಗಡಿಗೆ ಬರದೆ ವಿಧಿಯಿಲ್ಲ.

ಅಕ್ಕ ಹಿಂದೆ ನಿಂತು ಜಗ್ಗುತ್ತಾರೆ. ಹೆಲ್ಮೆಟ್ ಅಲುಗುವುದಿಲ್ಲ. ಆದರೂ ಕೈ ತೆಗೆಯುವುದಿಲ್ಲ. ಹೆಬ್ಬೆರಳು ಹಿಂಬದಿಯ ಬಣ್ಣದ ಮೇಲೆ ಒಂದೇ ಕಡೆ ಹೋಗಿ ಬಂದು ಮಾಡುತ್ತದೆ. ಹೆಲ್ಮೆಟ್ ಬಿಚ್ಚಿಸಿ, ಎರಡು ಅಂಗೈ ನಡುವೆ ಹಿಡಿದು ಅದುಮಿ, ಕಿವಿಗೆ ಹಿಡಿಯುತ್ತಾರೆ. ನನಗೆ ಏನೂ ಕೇಳಿಸುವುದಿಲ್ಲ. ಅವರ ಮುಖ ಮಾತ್ರ ಬಿಳಿಚಿಕೊಳ್ಳುತ್ತದೆ. ಎಲ್ಲಿ ಬಿದ್ದೆ ಎಂದು ಕೇಳುತ್ತಾರೆ.

ಗುಡುಗು ಹೆಲ್ಮೆಟ್ ವಾಪಸ್ ಪಡೆಯಲು ಕೈ ಚಾಚುತ್ತಾರೆ. ಸುತ್ತ ನಿಂತವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಾರೆ. ಕೊನೆಗೆ ಒಬ್ಬರು ಹೇಳುತ್ತಾರೆ: ಮರಳಿನ ಮೇಲೆ ಗಾಡಿ ಜಾರಿ, ತಲೆ ಹೋಗಿ ರಸ್ತೆಬದಿಯ ಕಲ್ಲಿಗೆ ಬಡಿದಿತ್ತು. ಎದ್ದು ಮೈ ಕೊಡವಿಕೊಂಡು ಮನೆಗೆ ಹೋಗಿದ್ದರು. ಅಕ್ಕನಿಗೆ ಮೊಣಕೈ ತರಚಿದ್ದು ಮಾತ್ರ ತೋರಿಸಿದ್ದರು. ಹೆಲ್ಮೆಟ್ಟಿಗೆ ಹೊಸ ಬಣ್ಣ ಬಳಿಸಿದ್ದರು. ಹೋದಲ್ಲೆಲ್ಲ ಅದನ್ನು ಎತ್ತಿ ಹಿಡಿದು, ನನ್ನ ಪ್ರಾಣ ಉಳಿಸಿದ್ದು ಇದೇ ಎಂದು ತೋರಿಸುತ್ತಿದ್ದರು. ಈ ಸವಾರರಿಗೆ ಇದು ಮಾಮೂಲಿ ಮೋಹ. ಜೀವ ಉಳಿಸಿದ ಹೆಲ್ಮೆಟ್ಟನ್ನು ಮೂಲೆಗೆ ಎಸೆಯಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

"ಇದೇ ನನ್ನ ಉಳಿಸಿದ್ದು ಅಕ್ಕಾ. ನೀನು ಹೊಲಿದಿದ್ದು. ಇದನ್ನ ಹೇಗೆ ಬಿಡ್ಲಿ?"

ಅಕ್ಕ ಹೊಲಿಗೆ ಯಂತ್ರದ ಪಕ್ಕದಿಂದ ಬ್ಲೇಡು ತಂದು, ತಾವೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಡಿಸುತ್ತಾರೆ. ಬಟ್ಟೆ, ತೆಳು ಸ್ಪಂಜು ಸರಿದ ಮೇಲೆ ಒಳಗಿನ ಬಿಳಿ ಥರ್ಮಾಕೋಲ್ ಕಾಣುತ್ತದೆ. ಏಟು ನುಂಗುವುದು ಅದೇ. ಹೆಬ್ಬೆರಳು ಆಡಿದ ಜಾಗಕ್ಕೆ ಸರಿಯಾಗಿ ಅದು ಅಪ್ಪಚ್ಚಿಯಾಗಿದೆ, ಅಲ್ಲಿಂದ ಒಂದು ಸಣ್ಣ ಬಿರುಕು ಅಂಚಿನವರೆಗೆ ಓಡಿದೆ. ಅಕ್ಕ ತಮ್ಮನ ಕೈ ಹಿಡಿದೆಳೆದು ಅವರ ಹೆಬ್ಬೆರಳನ್ನು ಆ ತಗ್ಗಿನಲ್ಲಿ ಇಡುತ್ತಾರೆ. ತಮ್ಮನ ಇನ್ನೊಂದು ಕೈ ತನ್ನಷ್ಟಕ್ಕೆ ಎದ್ದು ತಲೆಯ ಹಿಂಬದಿಯನ್ನು, ಅದೇ ಜಾಗವನ್ನು, ಮುಟ್ಟಿ ನೋಡುತ್ತದೆ.  

"ಇದು ಒಂದೇ ಸಲಕ್ಕೆ ಇರೋದು. ನಿನ್ನ ಏಟು ಅದು ತಿಂದಾಯ್ತು. ಇನ್ನೊಂದ್ಸಲ ಬಿದ್ರೆ ಅದರ ಹತ್ರ ಕೊಡೋಕೆ ಏನೂ ಉಳಿದಿಲ್ಲ. ಸುಮ್ನೆ ಬಣ್ಣ ಹೊತ್ಕೊಂಡು ಓಡಾಡ್ತಿದ್ದೀಯ."

ಗುಡುಗು ಹೆಲ್ಮೆಟ್ಟನ್ನು ಅಕ್ಕನ ಕೈಗೆ ಬಿಡುತ್ತಾರೆ. ಅಕ್ಕ ಕತ್ತರಿ ತೆಗೆದು ಅದರ ಕತ್ತಿನ ಪಟ್ಟಿಯನ್ನು ಕಚಕ್ಕನೆ ಕತ್ತರಿಸುತ್ತಾರೆ. ಪಟ್ಟಿ ಇದ್ದರೆ ಗುಜರಿಯಿಂದ ಯಾರಾದರೂ ಎತ್ತಿಕೊಂಡು ಹೋಗಿ, ಬಣ್ಣ ಬಳಿದು, ಇನ್ಯಾರದೋ ತಲೆಗೆ ಹಾಕಿಬಿಡುತ್ತಾರೆ. ಅಂಗಡಿಯ ಹಿಂದಿನ ಡಬ್ಬದಲ್ಲಿ ಇಂಥ ಪಟ್ಟಿಯಿಲ್ಲದ ಹೆಲ್ಮೆಟ್ಟುಗಳ ರಾಶಿಯೇ ಇದೆ. ಒಂದೊಂದರ ಹಿಂದೆಯೂ ಇಂದು ಎಲ್ಲೋ ಊಟ ಮಾಡುತ್ತಿರುವ, ಜಗಳವಾಡುತ್ತಿರುವ ಒಬ್ಬ ಮನುಷ್ಯ ಇದ್ದಾನೆ.

ಹೊಸದನ್ನು ಆರಿಸುವಾಗ ತಮ್ಮನೆಂಬ ಸಲಿಗೆ ಇಲ್ಲ. ಕೂಸಿದ್ದಾಗಿನಿಂದ ಎಣ್ಣೆ ಹಚ್ಚಿ ಬಾಚಿದ ತಲೆ ಅದು, ಕಣ್ಣು ಕಟ್ಟಿದರೂ ಅಕ್ಕನಿಗೆ ಗೊತ್ತು. ಆದರೂ ಅಪರಿಚಿತರಂತೆ ಕೂರಿಸಿ, ಟೇಪು ಸುತ್ತಿ, ಹತ್ತು ಬೆರಳಿಂದ ಒತ್ತಿ ನೋಡುತ್ತಾರೆ. ಅವರ ಅಳತೆಗೆ ಕೂತದ್ದು ಮಂಕು ಹಸಿರು ಬಣ್ಣದ್ದೊಂದೇ. ಗುಡುಗು ಮುಖ ಸಿಂಡರಿಸಿ, ಪಾಚಿ ಹಿಡಿದಂತಿದೆ ಎಂದು ಗೊಣಗುತ್ತಾರೆ. ಕೆನ್ನೆ ಒತ್ತುತ್ತಿದೆ ಎನ್ನುತ್ತಾರೆ, ಹೊತ್ತಾಯಿತು ಎನ್ನುತ್ತಾರೆ. ಅಕ್ಕ ಟೀ ಲೋಟ ಮುಂದೆ ಇಡುತ್ತಾರೆ. ಗುಡುಗು ಹೆಲ್ಮೆಟ್ ತೊಟ್ಟೇ ಟೀ ಕುಡಿಯುತ್ತಾರೆ, ಹೊರಗೆ ಇಡೀ ದಂಡು ಎಂಜಿನ್ ಆರಿಸಿ ಕಾಯುತ್ತದೆ. ಒಬ್ಬರೂ ಬೇಗ ಎನ್ನುವುದಿಲ್ಲ. ಹಣೆಯಲ್ಲಿ ಗೀರು ಮೂಡಿಲ್ಲವೆಂದು ಖಾತ್ರಿಯಾದ ಮೇಲೆ, ಜಗ್ಗಿ ನೋಡಿ, ಅಕ್ಕ ಅವರನ್ನು ಹೊರಗೆ ಬಿಡುತ್ತಾರೆ. ಇವತ್ತು ಕನ್ನಡಿಯ ಮಾತನ್ನು ಯಾರೂ ಎತ್ತುವುದಿಲ್ಲ.

ಗಾಡಿಗಳು ಒಂದರ ಹಿಂದೊಂದು ಹೊರಡುತ್ತವೆ. ಮುಂದೆ ಮಂಕು ಹಸಿರು. ಸದ್ದು ಬೀದಿ ದಾಟಿ ಕರಗಿದ ಮೇಲೆ ಅಕ್ಕ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಸೂಜಿಗೆ ದಾರ ಪೋಣಿಸಲು ಹೋದರೆ ಅದು ತೂತಿಗೆ ಹೋಗುವುದಿಲ್ಲ. ಸೂಜಿಯನ್ನು ಡಬ್ಬಿಗೆ ಹಾಕಿ, ತಮ್ಮನ ತಲೆ ಕಲ್ಲಿಗೆ ಬಡಿದ ಸುದ್ದಿ ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೆ ಗೊತ್ತಿರಲಿಲ್ಲವಲ್ಲ ಎನ್ನುತ್ತಾರೆ. ಇಷ್ಟು ಭಾನುವಾರ ಅವನು ಬರೀ ತಲೆಯಲ್ಲಿ ಓಡಾಡಿದ ಹಾಗಾಯಿತಲ್ಲ ಎಂದು ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಇಷ್ಟೊಂದು ಜನರ ತಲೆ ಕಾಯುವ ನಿಮಗೆ ಏನು ಸಿಕ್ಕರೆ ಸಂತೋಷ ಎಂದು ಕೇಳುತ್ತೇನೆ. ದೊಡ್ಡ ಅಂಗಡಿ, ಒಂದು ಸನ್ಮಾನ, ಪತ್ರಿಕೆಯಲ್ಲಿ ಫೋಟೊ, ಹೀಗೆ ಏನಾದರೂ ಹೇಳುತ್ತಾರೆಂದು ಕಾಯುತ್ತೇನೆ. ಅಕ್ಕ ಬೀದಿಯ ಕಡೆ ನೋಡುತ್ತಾರೆ.

"ಸಂಜೆ ಬರ್ತಾನೆ ನೋಡಿ. ಕೆನ್ನೆ ನೋಯ್ತಿದೆ, ಬಣ್ಣ ಚೆನ್ನಾಗಿಲ್ಲ, ಎಲ್ಲರ ಮುಂದೆ ಮಾನ ತೆಗೆದೆ ಅಂತ ಬಾಯಿಗೆ ಬಂದ ಹಾಗೆ ಬೈತಾನೆ. ಬರ್ಲಿ. ಬಂದು ಬೈಲಿ. ನನಗೆ ಇನ್ನೇನು ಬೇಕು?"